ಗಿಟಾರ್ ಕಲಿಕೆ ಎರಡನೇ ತಿಂಗಳಿಗೇ ನಿಂತುಹೋಗದಿರಲು: ಕೊಡಗಿನ ಮಳೆ, ತೋಟದ ಕೆಲಸ ಎಲ್ಲ ಲೆಕ್ಕಕ್ಕಿಟ್ಟ ಮಾರ್ಗದರ್ಶಿ

ಪ್ರತಿ ವರ್ಷ ನಾನು ನೋಡುವುದು ಇದನ್ನೇ. ಏಪ್ರಿಲ್ ರಜೆಯಲ್ಲಿ ಗಿಟಾರ್ ಮನೆಗೆ ಬರುತ್ತದೆ. ಮೇ ತಿಂಗಳು ಪೂರ್ತಿ ಹುರುಪು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಬೆರಳು ನೋಯುತ್ತದೆ, ಕಕ್ಕಡ (ಜುಲೈ ನಡುವೆ ಶುರುವಾಗುವ ಕೊಡವ ತಿಂಗಳು) ಬರುವಷ್ಟರಲ್ಲಿ ಗಿಟಾರ್ ಬೀರುವಿನ ಹಿಂದೆ ಸೇರಿರುತ್ತದೆ. ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಾಗ ಯಾರಾದರೊಬ್ಬ ಹುಡುಗ ಅದನ್ನು ತಂದು, 'ಅಣ್ಣಾ, ನನ್ನ ಕೈಗೆ ಇದು ಆಗಲ್ಲ ಅನ್ಸುತ್ತೆ, ಒಮ್ಮೆ ನೋಡಿ' ಅನ್ನುತ್ತಾನೆ.

ನೋಡಿದರೆ ತಂತಿ ತುಕ್ಕು ಹಿಡಿದಿರುತ್ತದೆ. ಹುಡುಗನಿಗೆ ಹತ್ತು ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಗೊತ್ತಿರುತ್ತದೆ, ಒಂದು ಹಾಡೂ ಪೂರ್ತಿ ಬರುವುದಿಲ್ಲ. ಅವನ ಕೈಯಲ್ಲಿ ತಪ್ಪಿಲ್ಲ. ಕಲಿತ ಕ್ರಮದಲ್ಲಿ ತಪ್ಪಿದೆ. ಎಲ್ಲರೂ ಕಾರ್ಡ್ ಕಲಿಯುತ್ತಾರೆ, ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಯಾರೂ ಕಲಿಯುವುದಿಲ್ಲ. ಹಾಡು ಕಟ್ಟಿಕೊಳ್ಳುವುದು ಆ ದಾರಿಯಲ್ಲೇ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಗಟ್ಟಿಯಾಗುವ ಮೊದಲು ಮುಂದಿನದಕ್ಕೆ ಹಾರಬೇಡಿ.

ಹಂತ 1: ಮೊದಲು ಗಿಟಾರ್ ಸರಿ ಇದೆಯಾ ನೋಡಿ

ಇದನ್ನು ಬಿಟ್ಟೇ ಶುರು ಮಾಡುವವರು ಜಾಸ್ತಿ. ತಂತಿ ಎತ್ತರದಲ್ಲಿರುವ ಗಿಟಾರ್‌ನಲ್ಲಿ ಚೆನ್ನಾಗಿ ನುಡಿಸುವವರಿಗೂ ಕಷ್ಟವಾಗುತ್ತದೆ, ಹೊಸಬರಿಗಂತೂ ಹೇಳುವುದೇ ಬೇಡ.

ಶಾಲೆಯ ಸ್ಕೇಲ್ ತೆಗೆದುಕೊಳ್ಳಿ. ನೆಕ್ (ಗಿಟಾರ್‌ನ ಉದ್ದ ಕತ್ತು) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್, ತಲೆಯ ಕಡೆಯಿಂದ ಎಣಿಸಿ 12ನೇ ಫ್ರೆಟ್ ಹುಡುಕಿ, ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕಿ ಇರುತ್ತದೆ. ಆ ಫ್ರೆಟ್‌ನ ಲೋಹದ ಪಟ್ಟಿಯ ಮೇಲ್ಭಾಗದಿಂದ ದಪ್ಪ ತಂತಿಯ ಕೆಳಭಾಗದವರೆಗೆ ಎಷ್ಟು ಜಾಗ ಇದೆ ಅಳೆಯಿರಿ. ಒಂದು ಎಚ್ಚರಿಕೆ: ಎಷ್ಟೋ ಸ್ಕೇಲ್‌ಗಳಲ್ಲಿ ಸೊನ್ನೆಯ ಗೆರೆಗೆ ಮೊದಲು ಸ್ವಲ್ಪ ಖಾಲಿ ಜಾಗ ಇರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಚಿಂತೆಯಿಲ್ಲ. ನಾಲ್ಕು ಅಥವಾ ಜಾಸ್ತಿ ಇದ್ದರೆ ನಿಮ್ಮ ಬೆರಳನ್ನು ಬೈಯಬೇಡಿ, ಗಿಟಾರ್ ರಿಪೇರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ.

ಇನ್ನೊಂದು ಪರೀಕ್ಷೆ. ಯಾವುದೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಒಂದನೇ ಫ್ರೆಟ್‌ನ ಪಟ್ಟಿಗೂ ತಂತಿಗೂ ನಡುವೆ ಬಗ್ಗಿ ನೋಡಿ. ಕೂದಲೆಳೆಯಷ್ಟು ಸಂದು ಸಾಕು. ಕಾಗದದ ಕಟ್ಟು ತೂರುವಷ್ಟಿದ್ದರೆ ನಟ್ ಎತ್ತರವಾಗಿದೆ, ಅಂದರೆ ತಲೆಯ ಕಡೆ ತಂತಿ ಕೂರುವ ಬಿಳಿ ಪಟ್ಟಿ. ಅದು ಎತ್ತರವಿದ್ದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಹಿಡಿಯುವ ಕಾರ್ಡ್‌ಗಳೆಲ್ಲ ಕಷ್ಟ. ಹೊಸಬರು ಹಿಡಿಯುವುದೆಲ್ಲ ಅಲ್ಲೇ, ಅಲ್ವಾ?

ನೈಲಾನ್ ತಂತಿಗಾಗಿ ಮಾಡಿದ ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಲೇಬೇಡಿ. ಸ್ಟೀಲ್ ತಂತಿಯ ಎಳೆತ ಬಹಳ ಜಾಸ್ತಿ, ಬ್ರಿಡ್ಜ್ (ಮೇಲಿನ ಹಲಗೆಗೆ ಅಂಟಿಸಿದ, ತಂತಿ ಕಟ್ಟುವ ಮರದ ಪಟ್ಟಿ) ಕಿತ್ತು ಬರಬಹುದು. ಸ್ಟೀಲ್ ತಂತಿಯ ಗಿಟಾರ್ ಇದ್ದು ಬೆರಳು ತುಂಬ ನೋಯುತ್ತಿದ್ದರೆ, ಅಂಗಡಿಯಲ್ಲಿ 10ರ ಸೆಟ್ ಕೇಳಿ. 12ರ ಸೆಟ್‌ಗಿಂತ ತೆಳು, ಒತ್ತುವುದು ಹಗುರ.

ಹಂತ 2: ಬೇಕಾದ ಸಾಮಾನು

ಪಟ್ಟಿ ಚಿಕ್ಕದು. ಗಿಟಾರ್‌ನ ತಲೆಗೆ ಸಿಕ್ಕಿಸಿ ಶ್ರುತಿ ನೋಡುವ ಕ್ಲಿಪ್ ಟ್ಯೂನರ್, ತಂತಿ ಮೀಟುವ ತೆಳು ಪಿಕ್ ಎರಡು ಮೂರು (0.6 ಅಥವಾ 0.7 ಮಿಲಿಮೀಟರ್), ಒಂದು ಸೆಟ್ ಹೆಚ್ಚುವರಿ ತಂತಿ, ಫೋನಿನಲ್ಲಿ ಸಮನಾಗಿ ತಾಳ ಬಡಿಯುವ ಉಚಿತ ಮೆಟ್ರೊನೋಮ್, ಕೈ ಇಲ್ಲದ ಕುರ್ಚಿ, ಒಂದು ನೋಟ್‌ಬುಕ್. ಕೇಪೋ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಎರಡು ತಿಂಗಳಾದ ಮೇಲೆ ತೆಗೆದುಕೊಂಡರೆ ಸಾಕು.

ಫೋನಿನಲ್ಲೇ ಟ್ಯೂನರ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಆದರೆ ಹಂಚಿನ ಮೇಲೆ, ಶೀಟಿನ ಮೇಲೆ ಮಳೆ ಬಡಿಯುವಾಗ ಫೋನಿನ ಮೈಕ್‌ಗೆ ತಂತಿಯ ಸದ್ದು ಸರಿಯಾಗಿ ಸಿಗುವುದಿಲ್ಲ, ಮುಳ್ಳು ಸುಮ್ನೆ ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಕ್ಲಿಪ್ ಟ್ಯೂನರ್ ಮರದ ಕಂಪನವನ್ನೇ ಹಿಡಿಯುವುದರಿಂದ ಎಂಥ ಮಳೆಯಲ್ಲೂ ಕೆಲಸ ಮಾಡುತ್ತದೆ. ನಮ್ಮ ಊರಿಗೆ ಇದು ಬೇಕೇ ಬೇಕು.

ಹಂತ 3: ದಿನಾ ಶ್ರುತಿ ಮಾಡಿ

ದಪ್ಪ ತಂತಿಯಿಂದ ತೆಳು ತಂತಿಗೆ ಬರುವಾಗ ಹೆಸರುಗಳು ಹೀಗೆ: ಇ, ಎ, ಡಿ, ಜಿ, ಬಿ, ಇ. ತೆಳು ತಂತಿ ಒಂದನೆಯದು, ದಪ್ಪದ್ದು ಆರನೆಯದು. ಮುಂದೆ ನಾನು ತಂತಿಯ ಸಂಖ್ಯೆ ಹೇಳಿದಾಗಲೆಲ್ಲ ಇದೇ ಲೆಕ್ಕ.

ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡಿ. ಸ್ವರ ಮೇಲೆ ಹೋಗಿದ್ದರೆ ತಂತಿಯನ್ನು ಸಡಿಲ ಮಾಡಿ, ಬೇಕಾದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಬಿಗಿ ಮಾಡುತ್ತಾ ಸರಿಯಾದ ಜಾಗಕ್ಕೆ ಬನ್ನಿ. ಸಡಿಲ ಮಾಡುತ್ತಾ ಸರಿ ಜಾಗದಲ್ಲಿ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸ್ವಲ್ಪ ಸಡಿಲ ಉಳಿದು, ಹತ್ತು ನಿಮಿಷದಲ್ಲಿ ಶ್ರುತಿ ಇಳಿಯುತ್ತದೆ.

ತಂತಿ ಕಡಿಯುವುದು ಹೀಗೆ: ಟ್ಯೂನರ್ ಬೇರೆ ಅಕ್ಷರ ತೋರಿಸುತ್ತಿರುತ್ತದೆ, ಬೇಕಾದ ಅಕ್ಷರ ಬರುವವರೆಗೆ ತಿರುಗಿಸುತ್ತಲೇ ಹೋಗುತ್ತಾರೆ, ಆದರೆ ಸ್ವರ ಆಗಲೇ ಮೇಲೆ ದಾಟಿರುತ್ತದೆ. ತಂತಿ ಗಟ್ಟಿಯಾಗಿ ಕಿರುಗುಟ್ಟಲು ಶುರುವಾದರೆ ತಕ್ಷಣ ನಿಲ್ಲಿಸಿ, ಪೂರ್ತಿ ಸಡಿಲ ಮಾಡಿ, ಮೊದಲಿನಿಂದ ಬನ್ನಿ. ಮುಖವನ್ನು ತಂತಿಯ ಹತ್ತಿರ ಇಡಬೇಡಿ.

ಹಂತ 4: ಒತ್ತುವ ಜಾಗ

ಬೆರಳನ್ನು ಎರಡು ಫ್ರೆಟ್‌ಗಳ ನಟ್ಟನಡುವೆ ಇಡಬೇಡಿ, ಮುಂದಿನ ಲೋಹದ ಪಟ್ಟಿಗೆ ತಾಗಿದಂತೆ ಅದರ ಹಿಂದೆ ಇಡಿ. ಈಗ ಒಂದು ಕೆಲಸ ಮಾಡಿ. ಮೂರನೇ ತಂತಿಯ ಮೇಲೆ ಎರಡನೇ ಫ್ರೆಟ್‌ನಲ್ಲಿ ಬೆರಳನ್ನು ಸುಮ್ನೆ ಇಡಿ, ಒತ್ತಬೇಡಿ. ಬಲಗೈಯಿಂದ ತಂತಿ ಮೀಟಿ. 'ಟಕ್' ಅನ್ನುವ ಮಂಕು ಸದ್ದು ಬರುತ್ತದೆ. ಮೀಟುತ್ತಲೇ ಚೂರು ಚೂರೇ ಒತ್ತಡ ಹೆಚ್ಚಿಸಿ. ಒಂದು ಕ್ಷಣದಲ್ಲಿ ಸದ್ದು ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ನಿಮಗೆ ಬೇಕಾದ ಒತ್ತಡ ಅಷ್ಟೇ. ಬಹುತೇಕರು ಅದರ ಎರಡು ಪಟ್ಟು ಒತ್ತಿ, ಉಗುರು ಬೆಳ್ಳಗಾಗುವವರೆಗೆ ಹಿಡಿದು, 'ನೋವು' ಅನ್ನುತ್ತಾರೆ.

ಹೆಬ್ಬೆರಳು ನೆಕ್ ಹಿಂದೆ, ಹೆಚ್ಚುಕಡಿಮೆ ನಡುಬೆರಳಿನ ಎದುರಿಗೆ ಇರಲಿ. ಮಣಿಕಟ್ಟು ತೀರಾ ಮುಂದಕ್ಕೆ ಬಾಗಿದ್ದರೆ ಗಿಟಾರನ್ನು ಸ್ವಲ್ಪ ಮೇಲಕ್ಕೆ ತಂದುಕೊಳ್ಳಿ.

ಬೆರಳ ತುದಿ ಗಟ್ಟಿಯಾಗಲು ಸಾಮಾನ್ಯವಾಗಿ ಮೂರು ನಾಲ್ಕು ವಾರ ಬೇಕು. ಸ್ನಾನ ಮಾಡಿ, ಪಾತ್ರೆ ತೊಳೆದು ತಕ್ಷಣ ನುಡಿಸಬೇಡಿ, ಚರ್ಮ ಮೆತ್ತಗಿದ್ದರೆ ತಂತಿ ಕೊರೆಯುತ್ತದೆ. ಅರ್ಧ ಗಂಟೆ ಬಿಡಿ. ಕಾಫಿ ಕೊಯ್ಯುವ ದಿನಗಳಲ್ಲಿ ಹಣ್ಣಿನ ಅಂಟು ಬೆರಳಿನಲ್ಲೇ ಇದ್ದರೆ ತಂತಿಗೂ ಹತ್ತುತ್ತದೆ. ಕೈ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಕೂರಿ.

ಹಂತ 5: ಕಾರ್ಡ್‌ಗಳನ್ನು ಜೋಡಿಯಾಗಿ ಕಲಿಯಿರಿ

ಈ ಹಂತಕ್ಕೆ ಒಂದೂವರೆ ತಿಂಗಳು ಬೇಕಾದರೂ ಕೊಡಿ. ಒಂಟಿ ಕಾರ್ಡ್ ಕಲಿಯುವುದನ್ನು ಇವತ್ತೇ ಬಿಡಿ. ಎರಡು ಕಾರ್ಡ್ ಸೇರಿದರೆ ಒಂದು ಪಾಠ.

ಮೊದಲ ಜೋಡಿ ಎ ಮೈನರ್ ಮತ್ತು ಸಿ. ಎ ಮೈನರ್ ಹೀಗೆ: ತೋರುಬೆರಳು ಎರಡನೇ ತಂತಿ, ಒಂದನೇ ಫ್ರೆಟ್. ನಡುಬೆರಳು ನಾಲ್ಕನೇ ತಂತಿ, ಎರಡನೇ ಫ್ರೆಟ್. ಉಂಗುರಬೆರಳು ಮೂರನೇ ತಂತಿ, ಎರಡನೇ ಫ್ರೆಟ್. ಈಗ ಉಂಗುರಬೆರಳನ್ನು ಮಾತ್ರ ಎತ್ತಿ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಇಡಿ. ಸಿ ಆಯಿತು. ಉಳಿದ ಎರಡು ಬೆರಳು ಕದಲಬೇಕಾಗಿಲ್ಲ. ಹೊಸಬರು ಏನು ಮಾಡುತ್ತಾರೆ ಗೊತ್ತಾ? ಮೂರೂ ಬೆರಳನ್ನು ಗಾಳಿಗೆ ಎತ್ತಿ, ಮತ್ತೆ ಒಂದೊಂದಾಗಿ ಹುಡುಕಿ ಇಡುತ್ತಾರೆ. ಹಾಡು ಅಲ್ಲೇ ಕಡಿದುಹೋಗುತ್ತದೆ.

ಎರಡನೇ ಜೋಡಿ ಎ ಮೈನರ್ ಮತ್ತು ಇ ಮೇಜರ್. ಎ ಮೈನರ್ ಹಿಡಿದ ಕೈಯ ಆಕಾರ ಕೆಡಿಸದೆ, ಮೂರು ಬೆರಳನ್ನೂ ಒಟ್ಟಿಗೆ ಒಂದೊಂದು ತಂತಿ ದಪ್ಪದ ಕಡೆ ಸರಿಸಿದರೆ ಇ ಮೇಜರ್. ಮೂರು ಬೆರಳು ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು.

ಮೂರನೇ ಜೋಡಿ ಜಿ ಮತ್ತು ಡಿ. ಜಿ ಹಿಡಿಯಲು ನಾಲ್ಕೂ ಬೆರಳು ಬಳಸಿ: ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್, ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್, ಉಂಗುರಬೆರಳು ಎರಡನೇ ತಂತಿಯ ಮೂರನೇ ಫ್ರೆಟ್, ಕಿರುಬೆರಳು ಒಂದನೇ ತಂತಿಯ ಮೂರನೇ ಫ್ರೆಟ್. ಡಿ ಕಾರ್ಡ್‌ನಲ್ಲೂ ಉಂಗುರಬೆರಳು ಅದೇ ಜಾಗದಲ್ಲಿ ಇರುತ್ತದೆ. ಅದನ್ನು ಗೂಟದ ಹಾಗೆ ಅಲ್ಲೇ ಬಿಟ್ಟು, ತೋರುಬೆರಳನ್ನು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ, ನಡುಬೆರಳನ್ನು ಒಂದನೇ ತಂತಿಯ ಎರಡನೇ ಫ್ರೆಟ್‌ಗೆ ತನ್ನಿ. ಕಿರುಬೆರಳಿಗೆ ಮೊದಮೊದಲು ಬಲ ಸಾಲುವುದಿಲ್ಲ, ಒಂದು ವಾರ ತಾಳಿ.

ಪ್ರತಿ ಕಾರ್ಡ್ ಹಿಡಿದ ಮೇಲೆ ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿ. ಯಾವ ತಂತಿ ಸತ್ತಿದೆಯೋ ಅಲ್ಲಿ ಪಕ್ಕದ ಬೆರಳಿನ ಹೊಟ್ಟೆ ತಾಗುತ್ತಿರುತ್ತದೆ. ಬೆರಳನ್ನು ಬಿಲ್ಲಿನ ಹಾಗೆ ಬಗ್ಗಿಸಿ, ತುದಿಯಲ್ಲಿ ನಿಲ್ಲಿಸಿ.

ಈಗ ಅಳತೆ. ಫೋನಿನಲ್ಲಿ ಒಂದು ನಿಮಿಷ ಇಟ್ಟು, ಆ ಎರಡು ಕಾರ್ಡ್ ನಡುವೆ ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ, ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆಯಿರಿ. ಮೊದಲ ದಿನ ಎಂಟು ಬಂದರೂ ಬೇಜಾರಿಲ್ಲ. 30 ದಾಟುವವರೆಗೆ ಆ ಜೋಡಿಯ ಹಾಡು ಮುಟ್ಟಬೇಡಿ. ಇದು ನಾನು ಇಟ್ಟುಕೊಂಡ ಲೆಕ್ಕ, ನನ್ನ ಹತ್ತಿರ ಬರುವ ಮಕ್ಕಳಿಗೆ ಇದರಿಂದ ಸಹಾಯ ಆಗಿದೆ.

ಹಂತ 6: ಬಲಗೈ ನಿಲ್ಲಬಾರದು

ಎಡಗೈ ತಡವಾದಾಗ ಬಲಗೈ ಕಾಯುತ್ತಾ ನಿಂತುಬಿಡುತ್ತದೆ. ತಾಳ ತಪ್ಪುವುದು ಅಲ್ಲೇ. ಕಾರ್ಡ್ ತಪ್ಪಾದರೂ ಪರವಾಗಿಲ್ಲ, ಬಲಗೈ ಗಡಿಯಾರದ ಲೋಲಕದ ಹಾಗೆ ಆಡುತ್ತಲೇ ಇರಬೇಕು. ಕೇಳುವವರಿಗೆ ಒಂದು ತಪ್ಪು ಸ್ವರ ಕೇಳಿಸದೇ ಹೋಗಬಹುದು, ತಾಳ ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ ಸದ್ದು ಮುಚ್ಚಿ, ಬಲಗೈಯಿಂದ ಬರೀ ಕೆಳಗೆ ಮೀಟುತ್ತಾ 'ಒಂದು, ಎರಡು, ಮೂರು, ನಾಲ್ಕು' ಅಂತ ಬಾಯಿಬಿಟ್ಟು ಎಣಿಸಿ. ಇದು ಎರಡು ದಿನ. ಆಮೇಲೆ ಕೆಳಗೆ ಮೇಲೆ. ಅದಾದ ಮೇಲೆ ಕಾರ್ಡ್ ಸೇರಿಸಿ, ಪ್ರತಿ 'ಒಂದು' ಬಂದಾಗ ಕಾರ್ಡ್ ಬದಲಿಸಿ. ಬದಲಾವಣೆಗೆ ಸಮಯ ಸಾಲದಿದ್ದರೆ 'ನಾಲ್ಕು' ಅನ್ನುವಾಗ ಎಡಗೈ ಎತ್ತಿ, ಬಲಗೈ ಖಾಲಿ ತಂತಿಗಳನ್ನೇ ಮೀಟಲಿ. ಚೆನ್ನಾಗಿ ನುಡಿಸುವವರಲ್ಲೂ ಎಷ್ಟೋ ಜನ ಹೀಗೆ ಮಾಡುತ್ತಾರೆ.

ಕಾಲಿನಿಂದ ತಾಳ ಹಾಕಿ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ನಿಮ್ಮ ಕಾಲು ತಾನಾಗಿ ತಾಳ ಹಿಡಿಯುತ್ತದಲ್ಲ, ಯಾರೂ ಹೇಳಿಕೊಟ್ಟಿಲ್ಲ. ತಾಳ ನಿಮ್ಮ ಮೈಯಲ್ಲಿ ಆಗಲೇ ಇದೆ, ಅದನ್ನು ಬಲಗೈಗೆ ದಾಟಿಸಬೇಕು. ಆದ್ದರಿಂದ ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ತಾಗುವಂತೆ ಕೂರಿ.

ಹಂತ 7: ದಿನದ ಇಪ್ಪತ್ತು ನಿಮಿಷ

ಭಾನುವಾರ ಮೂರು ಗಂಟೆ ನುಡಿಸಿ ವಾರವೆಲ್ಲ ಬಿಟ್ಟರೆ, ಮುಂದಿನ ಭಾನುವಾರ ಮತ್ತೆ ಮೊದಲಿನಿಂದಲೇ ಶುರು. ದಿನಾ ಇಪ್ಪತ್ತು ನಿಮಿಷ ಸಾಕು. ಎರಡು ನಿಮಿಷ ಶ್ರುತಿ. ಆರು ನಿಮಿಷ ಕಾರ್ಡ್ ಜೋಡಿಗಳು. ಐದು ನಿಮಿಷ ಬಲಗೈ. ಐದು ನಿಮಿಷ ಹಾಡಿನಲ್ಲಿ ಎಡವುವ ಜಾಗ. ಕೊನೆಯ ಎರಡು ನಿಮಿಷ ಮನಸ್ಸಿಗೆ ಬಂದದ್ದು.

ಸಮಯ ಹೊಂದಿಸುವುದೇ ನಮ್ಮಲ್ಲಿ ಕಷ್ಟ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆಗೆ ಮೈಯಲ್ಲಿ ಶಕ್ತಿ ಇರುವುದಿಲ್ಲ. ಅಂಥ ದಿನ ಎಂಟು ನಿಮಿಷ ಮಾಡಿ, ಶ್ರುತಿ ಮತ್ತು ಒಂದು ಜೋಡಿ, ಅಷ್ಟೇ. ಪೂರ್ತಿ ಬಿಡುವುದು ಬೇಡ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದನ್ನು ಉಪಯೋಗಿಸಿಕೊಳ್ಳಿ. ಕತ್ತಲಲ್ಲಿ ಎ ಮೈನರ್‌ನಿಂದ ಸಿ ಕಡೆಗೆ ಹೋಗಿ ನೋಡಿ. ಕಣ್ಣಿಗೆ ಕೆಲಸ ಇಲ್ಲದಾಗ ಬೆರಳು ದಾರಿ ಕಲಿಯುತ್ತದೆ. ನನ್ನ ಕೈ ನೆಕ್ ನೋಡದೆ ನುಡಿಸಲು ಕಲಿತದ್ದು ಹೀಗೇ, ಒಂದು ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಕಡಿದು ನಾಲ್ಕು ದಿನ ಕರೆಂಟ್ ಇಲ್ಲದಿದ್ದಾಗ.

ಗಿಟಾರ್ ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದರೆ ಕೈ ಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ಪೆಟ್ಟಿಗೆಯಲ್ಲೇ ಇರಬೇಕು, ಆದರೆ ಪೆಟ್ಟಿಗೆ ಮಂಚದ ಕೆಳಗೆ ಹೋಗುವುದು ಬೇಡ, ಕೋಣೆಯ ಒಳಗೋಡೆಗೆ ಒರಗಿರಲಿ.

ಹಂತ 8: ಹಾಡು, ಆಮೇಲೆ ಎಫ್

ಮೊದಲ ಹಾಡಿಗೆ ಎರಡೇ ಷರತ್ತು: ನಿಮಗೆ ಬಾಯಿಪಾಠ ಇರಬೇಕು, ಮೂರು ನಾಲ್ಕು ಕಾರ್ಡ್‌ನಲ್ಲಿ ಮುಗಿಯಬೇಕು. ಭಾವಗೀತೆ, ಜನಪದ, ಸಿನಿಮಾ ಯಾವುದಾದರೂ ಸರಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಹಾಡನ್ನು ಪ್ರತಿ ಸಲ ಮೊದಲಿನಿಂದ ನುಡಿಸುವುದು. ಚರಣದಲ್ಲಿ ಎಡವುತ್ತಾರೆ, ಮತ್ತೆ ಪಲ್ಲವಿಯಿಂದ ಶುರು ಮಾಡುತ್ತಾರೆ, ಮತ್ತೆ ಅಲ್ಲೇ ಎಡವುತ್ತಾರೆ. ಹೀಗೆ ಮಾಡಿದರೆ ಪಲ್ಲವಿ ನೂರು ಸಲ ಅಭ್ಯಾಸ ಆಗುತ್ತದೆ, ಎಡವುವ ಜಾಗವೂ ನೂರು ಸಲ ತಪ್ಪಾಗಿಯೇ ಅಭ್ಯಾಸ ಆಗುತ್ತದೆ. ಎಡವುವ ಆ ಎರಡು ಕಾರ್ಡ್ ಮಾತ್ರ ಎತ್ತಿಕೊಳ್ಳಿ. ಅರ್ಧ ವೇಗದಲ್ಲಿ ಸತತ ಐದು ಸಲ ಸರಿ ಬರುವವರೆಗೆ ಮಾಡಿ, ಆಮೇಲೆ ಹಿಂದಿನ ಒಂದು ಸಾಲು ಸೇರಿಸಿ.

ಸ್ಥಾಯಿ ನಿಮ್ಮ ಗಂಟಲಿಗೆ ಹೊಂದದಿದ್ದರೆ ಕೇಪೋ ಹಾಕಿ, ಅದೇ ಕಾರ್ಡ್ ಆಕಾರಗಳಲ್ಲೇ ನುಡಿಸಬಹುದು. ಒಂದು ಫ್ರೆಟ್ ಮೇಲೆ ಹೋದರೆ ಶ್ರುತಿ ಅರ್ಧ ಮನೆ ಏರುತ್ತದೆ.

ಎಫ್ ಕಾರ್ಡ್‌ಗೆ ಎರಡು ಮೂರು ತಿಂಗಳಾಗಲಿ. ತೋರುಬೆರಳು ಆರೂ ತಂತಿಯನ್ನು ಒತ್ತಬೇಕಾದ ಕಾರ್ಡ್ ಇದು. ನೇರವಾಗಿ ಒಂದನೇ ಫ್ರೆಟ್‌ನಲ್ಲಿ ಹಿಡಿಯಲು ಹೋಗಬೇಡಿ, ಅಲ್ಲೇ ತಂತಿ ಅತಿ ಗಡುಸು. ಐದನೇ ಫ್ರೆಟ್‌ನಲ್ಲಿ ಅದೇ ಆಕಾರ ಹಿಡಿದು, ವಾರಕ್ಕೊಂದು ಫ್ರೆಟ್ ಕೆಳಗೆ ಇಳಿಯಿರಿ. ತೋರುಬೆರಳನ್ನು ಚಪ್ಪಟೆ ಇಡದೆ ಹೆಬ್ಬೆರಳಿನ ಕಡೆಯ ಎಲುಬಿನ ಅಂಚಿಗೆ ಸ್ವಲ್ಪ ಹೊರಳಿಸಿ.

ಹಂತ 9: ಮಳೆಗಾಲದ ಆರೈಕೆ

ಮಡಿಕೇರಿ, ಭಾಗಮಂಡಲ ಕಡೆಯವರು ಇದನ್ನು ಎರಡು ಸಲ ಓದಿ. ಕುಶಾಲನಗರದ ಕಡೆ ಮಳೆ ಕಡಿಮೆ, ತೊಂದರೆಯೂ ಅಷ್ಟಾಗಿ ಇರುವುದಿಲ್ಲ.

ಗಾಳಿಯ ತೇವ ಶೇ 45ರಿಂದ 55ರ ಒಳಗಿದ್ದರೆ ಗಿಟಾರ್‌ಗೆ ಹಿತ. ನಮ್ಮ ಮಳೆಗಾಲ ಅದನ್ನು ಎಲ್ಲೋ ದಾಟಿ ಹೋಗುತ್ತದೆ. ಮರ ತೇವ ಕುಡಿದು ಉಬ್ಬುತ್ತದೆ, ಮೇಲಿನ ಹಲಗೆ ಬ್ರಿಡ್ಜ್ ಹಿಂದೆ ಹೊಟ್ಟೆ ಬಿಟ್ಟ ಹಾಗೆ ಏಳುತ್ತದೆ, ಅದರ ಜೊತೆ ತಂತಿಯೂ ಏಳುತ್ತದೆ. ಮೇ ತಿಂಗಳಲ್ಲಿ ಸುಲಭವಾಗಿ ಹಿಡಿಯುತ್ತಿದ್ದ ಕಾರ್ಡ್ ಜುಲೈನಲ್ಲಿ ಕಷ್ಟವಾಗುವುದು ಇದರಿಂದ. ಕಲಿಯುವವರು 'ಬಂದದ್ದೂ ಮರೆತುಹೋಯಿತು' ಅಂದುಕೊಂಡು ಕೈಬಿಡುತ್ತಾರೆ. ನನಗೆ ಅತಿ ಹೆಚ್ಚು ಬೇಜಾರಾಗುವುದು ಇದನ್ನು ನೋಡಿದಾಗ. ಮಳೆ ಹಿಡಿದ ಮೇಲೆ ಹಂತ 1ರ ಅಳತೆಯನ್ನು ತಿಂಗಳಿಗೊಮ್ಮೆ ಮಾಡಿ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ನಾಲ್ಕೈದು ಇಡಿ. ಬಣ್ಣ ಬದಲಾಗುವ ಮಣಿ ಸಿಕ್ಕಿದರೆ ಒಳ್ಳೆಯದು, ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಅಕ್ಕಿ ಗಂಟು ಇಡುವವರಿದ್ದಾರೆ, ಅದರಿಂದ ಹೇಳಿಕೊಳ್ಳುವ ಪ್ರಯೋಜನ ಇಲ್ಲ, ಹುಳ ಬರುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿ ಬಟ್ಟೆಯಿಂದ ಮೇಲಿಂದಲೂ ಅಡಿಯಿಂದಲೂ ಒರೆಸಿ.

ಒಲೆಯ ಮೇಲಿನ ಅಟ್ಟದಲ್ಲಿ ಗಿಟಾರ್ ಇಡಲೇಬೇಡಿ. ಬೆಚ್ಚಗಿರುತ್ತದೆ, ಒಣಗುತ್ತದೆ ಅಂತ ಮನೆಯವರು ಇಟ್ಟುಬಿಡುತ್ತಾರೆ. ಬಿಸಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ಅಗ್ಗಿಷ್ಟಿಕೆಯ ಪಕ್ಕವೂ ಬೇಡ, ಬಿಸಿಲಿನಲ್ಲಿ ನಿಂತ ಜೀಪಿನೊಳಗೂ ಬೇಡ. ಬ್ರಿಡ್ಜ್ ಹಿಂದಿನ ಅಂಚಿನಲ್ಲಿ ಕಾಗದ ತೂರಿಸಿ ನೋಡಿ, ಒಳಗೆ ಹೋದರೆ ತಂತಿ ಸಡಿಲ ಮಾಡಿ ರಿಪೇರಿಗೆ ಕೊಡಿ, ಬಿಗಿಯಾಗಿ ಬಿಡಬೇಡಿ.

ತಂತಿಯ ಮೇಲೆ ಬೆರಳು ಸರಿಸಿದಾಗ ಒರಟಾಗಿ ಕಂದು ಬಣ್ಣ ಹತ್ತಿದರೆ ಅದು ಮುಗಿದ ತಂತಿ. ಬೇರೆ ಕಡೆ ಮೂರು ತಿಂಗಳು ಬರುವುದು ಇಲ್ಲಿ ಮಳೆಗಾಲದಲ್ಲಿ ಒಂದೂವರೆ ತಿಂಗಳಿಗೇ ಹೋಗುತ್ತದೆ. ಬದಲಾಯಿಸಲು ಹಿಂಜರಿಯಬೇಡಿ.

ಹಂತ 10: ನೋವು ಮತ್ತು ನಿಂತ ನೀರು

ಬೆರಳ ತುದಿಯ ಉರಿ ಸಹಜ. ಮಣಿಕಟ್ಟಿನ ನೋವು, ಮುಂಗೈ ಸೆಳೆತ, ಬೆರಳು ಜುಮ್ಮೆನ್ನುವುದು ಸಹಜ ಅಲ್ಲ. ಇವು ಕಂಡರೆ ಆ ಕ್ಷಣ ನಿಲ್ಲಿಸಿ, ಎರಡು ದಿನ ಬಿಡಿ, ಕೂರುವ ಭಂಗಿ ಮತ್ತು ತಂತಿಯ ಎತ್ತರ ನೋಡಿ. ಜುಮ್ಮೆನ್ನುವುದು ಮತ್ತೆ ಬಂದರೆ ಡಾಕ್ಟರ್‌ಗೆ ತೋರಿಸಿ. ನೋವಿನ ಮೇಲೆಯೇ ನುಡಿಸಿ ಗಟ್ಟಿಯಾಗುವ ಮಾತು ಇಲ್ಲಿ ನಡೆಯುವುದಿಲ್ಲ.

ಎರಡು ವಾರ ನೋಟ್‌ಬುಕ್‌ನ ಅಂಕೆ ಕದಲದಿದ್ದರೆ ಮೆಟ್ರೊನೋಮ್ ಹತ್ತು ಕೆಳಗಿಳಿಸಿ. ಹೊಸ ಕಾರ್ಡ್, ಹೊಸ ವಿಡಿಯೊ ಹುಡುಕಲು ಹೋಗಬೇಡಿ. ಬಹಳಷ್ಟು ಸಲ ವೇಗ ಹೆಚ್ಚಾಗಿ ಕೈ ಬಿಗಿದಿರುತ್ತದೆ, ನಿಧಾನ ಮಾಡಿದರೆ ಬಿಗಿ ಎಲ್ಲಿದೆ ಅಂತ ಕಾಣುತ್ತದೆ. ಹೆಚ್ಚಿನವರಿಗೆ ಅದು ಹೆಬ್ಬೆರಳಲ್ಲಿ ಅಥವಾ ಭುಜದಲ್ಲಿ ಇರುತ್ತದೆ.

ತಿಂಗಳ ಮೊದಲ ದಿನ ಒಂದೇ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ, ಚೆನ್ನಾಗಿ ಬರದಿದ್ದರೂ ಅಳಿಸಬೇಡಿ. ಅಭ್ಯಾಸ ಮಾಡುವವರಿಗೆ ತಮ್ಮ ಬೆಳವಣಿಗೆ ಕೇಳಿಸುವುದಿಲ್ಲ, ದಿನಾ ಜೊತೆಗಿರುವ ಮಗು ಎತ್ತರವಾದದ್ದು ಮನೆಯವರಿಗೆ ಕಾಣದ ಹಾಗೆ. ಮೂರನೇ ರೆಕಾರ್ಡಿಂಗ್ ಆದ ಮೇಲೆ ಮೊದಲನೆಯದನ್ನು ಹಾಕಿ ಕೇಳಿ, ಬಲಗೈ ಎಲ್ಲೆಲ್ಲಿ ನಿಲ್ಲುತ್ತಿತ್ತು ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಈಗಲೂ ಅಲ್ಲೇ ನಿಲ್ಲುತ್ತಿದ್ದರೆ ಮರುದಿನದ ಮೊದಲ ಐದು ನಿಮಿಷ ಆ ಜಾಗಕ್ಕೇ ಕೊಡಿ.